ಉಳ್ಳವನ ಋಣ

ಭಾಷಾಶಾಸ್ತ್ರದ ಪುಸ್ತಕಗಳನ್ನು ತಿರುವಿ ಹಾಕಿದವರು ಅಲ್ಲಿ ಕೆಲವು ಶಬ್ದಗಳ ಮುಂದೆ ಒಂದು ಪುಟ್ಟ ನಕ್ಷತ್ರದ ಗುರುತನ್ನು ಕಂಡಿರಬಹುದು. ನಕ್ಷತ್ರವೆಂದರೆ ಹಿರಿಮೆಯ ಚಿಹ್ನೆ ಎಂದುಕೊಳ್ಳಬಾರದು. ಈ ಶಬ್ದವನ್ನು ಬರೆದಿಟ್ಟಿರುವುದನ್ನು ಯಾರೂ ಕಂಡಿಲ್ಲ, ಆದರೂ ಇದು ಇದ್ದಿರಲೇಬೇಕು ಎಂಬುದು ಅದರ ತಾತ್ಪರ್ಯ. ಮೊಮ್ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬನ ಮೂಗು, ಒಬ್ಬಳ ಹುಬ್ಬು, ಇನ್ನೊಬ್ಬನ ನಡಿಗೆ ಇವುಗಳಿಂದ ಯಾರೂ ನೋಡದ ಮುತ್ತಜ್ಜನ ಚಿತ್ರವನ್ನು ಬರೆದ ಹಾಗೆ. ಈ ಕೆಲಸದಲ್ಲಿ ಊಹೆಯಿದೆ. ಆದರೆ ಅದು ಕಟ್ಟುನಿಟ್ಟಾದ ಊಹೆ. ಯಾವ ಧ್ವನಿ ಯಾವ ಭಾಷೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ನಿಯಮವುಂಟು. ಆ ನಿಯಮ ತಪ್ಪಿದರೆ ಪಂಡಿತರು ಪರಸ್ಪರ ಬಿಡುವುದಿಲ್ಲ.

ಅಂತಹ ನಕ್ಷತ್ರ ಹೊತ್ತ ಒಂದು ಕ್ರಿಯಾಪದ ಕೆಲವು ಕಾಲದಿಂದ ನನ್ನ ಮನಸ್ಸಿನಲ್ಲಿ ಸುತ್ತುತ್ತಿದೆ. ಅದು 'ಐಗನ'. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಈಗಿನ ಡೆನ್ಮಾರ್ಕ್, ದಕ್ಷಿಣ ಸ್ವೀಡನ್, ಉತ್ತರ ಜರ್ಮನಿಯ ಸೀಮೆಯಲ್ಲಿ ಇದ್ದ ಜನ ಆಡಿದ ಮಾತಿಗೆ ಮೂಲ ಜರ್ಮಾನಿಕ್ ಎಂದು ಹೆಸರು. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಎಲ್ಲವೂ ಅದರ ಸಂತಾನ. ಆ ಜನರ ಬಾಯಲ್ಲಿ 'ಐಗನ' ಎಂದರೆ ಹೊಂದಿರುವುದು, ತನ್ನದಾಗಿ ಇಟ್ಟುಕೊಂಡಿರುವುದು. ಅರ್ಥ ಸರಳ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಹುಟ್ಟಿದ ಮಕ್ಕಳು ಮೂವರು: 'ಓನ್', 'ಓ', 'ಆಟ್'. ಮೊದಲನೆಯದು ನನ್ನ ಸ್ವತ್ತು ಎಂಬ ಮಾತು. ಎರಡನೆಯದು ನಾನು ಸಾಲಗಾರ ಎಂಬ ಮಾತು. ಮೂರನೆಯದು ನಾನು ಹೀಗೆ ಮಾಡತಕ್ಕದ್ದು ಎಂಬ ಮಾತು. ಒಡೆತನ, ಋಣ, ಕರ್ತವ್ಯ ಈ ಮೂರೂ ಒಂದೇ ತಾಯಿಯ ಮಕ್ಕಳು ಎಂದರೆ ನೀತಿಯ ವಿಚಾರವಾಗಿ ಸ್ವಲ್ಪವಾದರೂ ತಲೆ ಕೆಡಿಸಿಕೊಂಡವನು ಅಲ್ಲೇ ನಿಂತು ನೋಡದೆ ಇರಲಾರ. ಉಳ್ಳವನು ಹೇಗೆ ಋಣಿಯಾದ? ಋಣ ಹೇಗೆ ಧರ್ಮವಾಯಿತು?

ಮೊದಲು ಮನೆತನದ ಪರಿಚಯ ಆಗಲಿ. ಜರ್ಮಾನಿಕ್ ಭಾಷೆಗಳಲ್ಲಿ ನಮಗೆ ಸಿಕ್ಕಿರುವ ಮೊದಲ ದೊಡ್ಡ ಗ್ರಂಥ ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಗಾಥಿಕ್ ಭಾಷೆಗೆ ತಂದ ಬೈಬಲು. ಅದರ ಒಂದು ಪ್ರತಿ, ನೇರಳೆ ಬಣ್ಣದ ಚರ್ಮದ ಹಾಳೆಯ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದದ್ದು, ಸ್ವೀಡನ್ನಿನ ಉಪ್ಸಲಾದಲ್ಲಿದೆ. ಗಾಥಿಕ್‌ನಲ್ಲಿ ನಮ್ಮ ಕ್ರಿಯಾಪದದ ರೂಪ 'ಐಹ್': ಹೊಂದಿದ್ದೇನೆ, ಹೊಂದಿದ್ದಾನೆ. ಪ್ರಾಚೀನ ನಾರ್ಸ್‌ನಲ್ಲಿ 'ಎಯಿಗಾ'. ಅಲ್ಲಿ ಹೊಲವನ್ನು ಹೊಂದಿರುವುದಕ್ಕೂ ಹೆಂಡತಿಯನ್ನು ಪಡೆದಿರುವುದಕ್ಕೂ ಅದೇ ಮಾತು. ಪ್ರಾಚೀನ ಇಂಗ್ಲಿಷಿನಲ್ಲಿ 'ಆಗನ್'. ಜರ್ಮನ್ನರಲ್ಲಿ ಕ್ರಿಯಾಪದ ಬಹಳ ಹಿಂದೆಯೇ ಸತ್ತು, 'ಐಗೆನ್' ಎಂಬ ವಿಶೇಷಣ ಉಳಿಯಿತು: ಸ್ವಂತದ್ದು ಎಂದು ಅದರ ಅರ್ಥ. ನಮ್ಮ ಕಾಲೇಜು ಹುಡುಗರು ಗಣಿತದಲ್ಲಿ 'ಐಗೆನ್ ವ್ಯಾಲ್ಯೂ' ಎಂದು ಉರು ಹೊಡೆಯುವಾಗ ಅವರ ನಾಲಿಗೆಯ ಮೇಲೆ ಇರುವುದೂ ಇದೇ ಶಬ್ದ.

ಜರ್ಮಾನಿಕ್‌ನಿಂದಲೂ ಹಿಂದಕ್ಕೆ ಹೋದರೆ ನಮ್ಮ ಮನೆಯ ಬಾಗಿಲಿಗೇ ಬರುತ್ತೇವೆ. ಸಂಸ್ಕೃತದ ತಾಲವ್ಯ ಶಕಾರ ಇರುವ ಕಡೆ ಜರ್ಮಾನಿಕ್‌ನಲ್ಲಿ ಹಕಾರ ಬರುವುದುಂಟು. ನಮ್ಮ 'ಶತ'ಕ್ಕೆ ಇಂಗ್ಲಿಷಿನ 'ಹಂಡ್ರೆಡ್' ಎದುರು ನಿಂತಿಲ್ಲವೆ, ಹಾಗೆ. ಈ ಬಗೆಯ ವ್ಯತ್ಯಾಸಗಳಿಗೆ 1822ರಲ್ಲಿ ಯಾಕೋಬ್ ಗ್ರಿಮ್ ನಿಯಮ ಬರೆದ. ಮಕ್ಕಳ ಕಥೆಗಳನ್ನು ತಮ್ಮನೊಡನೆ ಸಂಗ್ರಹಿಸಿದ ಗ್ರಿಮ್ ಆತನೇ. ಆ ನಿಯಮದ ಪ್ರಕಾರ 'ಐಹ್' ಎಂಬುದಕ್ಕೆ ಸಂಸ್ಕೃತದಲ್ಲಿ ಸರಿಯಾಗಿ ಹೊಂದಿಕೊಳ್ಳುವ ಧಾತು 'ಈಶ್'. ಒಡೆಯನಾಗಿರು, ವಶದಲ್ಲಿ ಇಟ್ಟುಕೊಂಡಿರು ಎಂದು ಅರ್ಥ. ಅದರಿಂದಲೇ ಈಶ, ಈಶ್ವರ. ಅದರಿಂದಲೇ ನಮ್ಮ ಗಣೇಶ, ರಮೇಶ, ಸುರೇಶರೆಲ್ಲ. ಈಶ್ವರನಿಂದ ಐಶ್ವರ್ಯ. ಸಂಸ್ಕೃತದಲ್ಲಿ ಪ್ರಭುತ್ವ ಎಂಬ ಅರ್ಥವಿದ್ದ ಐಶ್ವರ್ಯ ಕನ್ನಡದಲ್ಲಿ ಬರಿಯ ಹಣ ಕಾಸು, ಆಸ್ತಿ ಪಾಸ್ತಿ ಎಂದಾಗಿದೆ. ಎಂದರೆ ನಮಗೆ ತಿಳಿಯದೆಯೇ ಶಬ್ದವನ್ನು ಅದರ ಹಳೆಯ ಅರ್ಥಕ್ಕೆ ತಿರುಗಿ ತಂದುಬಿಟ್ಟಿದ್ದೇವೆ. ಅಂತೂ ಇಂಗ್ಲಿಷಿನ 'ಓ' ಮತ್ತು ನಮ್ಮ 'ಈಶ' ದಾಯಾದಿಗಳು. ಒಂದೇ ಮೂಲದಿಂದ ಹೊರಟು ಒಬ್ಬ ಲೋಕಕ್ಕೆಲ್ಲ ಒಡೆಯನಾದ. ಇನ್ನೊಬ್ಬ ಅಂಗಡಿಯವನಿಗೆ ಬಾಕಿದಾರನಾದ.

ಶಬ್ದಗಳ ರೂಪ ಹೋಲುತ್ತದೆ ಎಂದಮಾತ್ರಕ್ಕೆ ನಂಟಸ್ತಿಕೆ ಕಟ್ಟಬಾರದು ಎಂಬ ಎಚ್ಚರವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಇಂಗ್ಲಿಷಿನ 'ಹ್ಯಾವ್', ಲ್ಯಾಟಿನ್ನಿನ 'ಹಬೇರೆ' ಎರಡಕ್ಕೂ ಹೊಂದಿರುವುದು ಎಂದೇ ಅರ್ಥ, ನೋಡುವುದಕ್ಕೂ ಅವಳಿಗಳಂತಿವೆ. ಆದರೂ ಅವುಗಳಿಗೆ ರಕ್ತಸಂಬಂಧವಿಲ್ಲ. ಗ್ರಿಮ್ಮನ ನಿಯಮವೇ ಅದನ್ನು ಒಪ್ಪುವುದಿಲ್ಲ. ನೋಡುವುದಕ್ಕೆ ಏನೇನೂ ಹೋಲಿಕೆಯಿಲ್ಲದ 'ಓ', 'ಈಶ'ಗಳಿಗೆ ಅದು ಒಪ್ಪಿಗೆಯಿತ್ತಿದೆ.

ಇನ್ನು ಉಳ್ಳವನು ಋಣಿಯಾದ ಬಗೆ. ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠದಲ್ಲಿ ಎಂಟನೆಯ ಶತಮಾನದ ಆದಿಯಲ್ಲಿ ಸಿದ್ಧವಾದ ಒಂದು ಲ್ಯಾಟಿನ್ ಸುವಾರ್ತಾ ಗ್ರಂಥವಿದೆ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಹತ್ತನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಅದರ ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ತನ್ನ ಭಾಷೆಯ ಅರ್ಥವನ್ನು ಬರೆದ. ನಮ್ಮಲ್ಲಿ ತಾಳೆಗರಿಯ ಕಾವ್ಯಕ್ಕೆ ಟೀಕು ಬರೆಯುತ್ತಿದ್ದಂತೆ. ಸಾಲವಿರುವುದು ಎಂಬ ಲ್ಯಾಟಿನ್ ಕ್ರಿಯಾಪದ ಬಂದ ಕಡೆ ಆತ ಹಾಕಿದ್ದು ಈ 'ಆಗನ್' ಶಬ್ದವನ್ನು, ಜೊತೆಗೆ 'ತೆರುವುದಕ್ಕೆ' ಎಂಬ ಮಾತನ್ನು ಸೇರಿಸಿ: ತೆರುವುದಕ್ಕೆ ಹೊಂದಿದ್ದೇನೆ. ನನ್ನ ಬಳಿ ಏನೋ ಇದೆ, ಆದರೆ ಇರುವುದು ತೆರುವುದಕ್ಕಾಗಿ. ಬರಬರುತ್ತ 'ತೆರುವುದಕ್ಕೆ' ಎಂಬ ಬಾಲ ಬಿದ್ದುಹೋಗಿ, ಬರಿಯ 'ಹೊಂದಿದ್ದೇನೆ' ಎಂಬುದೇ 'ಸಾಲವಿದೆ' ಎಂಬ ಅರ್ಥ ಕೊಡತೊಡಗಿತು.

ಹಳೆಯ ಅರ್ಥ ಒಡನೆಯೇ ಮನೆ ಬಿಟ್ಟು ಹೋಗಲಿಲ್ಲ. ಷೇಕ್ಸ್‌ಪಿಯರ್ ಬರೆಯುವ ಕಾಲಕ್ಕೂ 'ಓ' ಎಂಬುದಕ್ಕೆ ಎರಡು ಮುಖವೂ ಇದ್ದವು. ಒಥೆಲ್ಲೋ ನಾಟಕದ ಮೂರನೆಯ ಅಂಕದಲ್ಲಿ ಯಾಗೋ, ಒಥೆಲ್ಲೋ ಇನ್ನು ಮುಂದೆ ಕಾಣದ ನಿದ್ರೆಯ ವಿಷಯ ಆಡುತ್ತಾನಲ್ಲ, ಅಲ್ಲಿ ಈ ಕ್ರಿಯಾಪದವಿದೆ. ಅದನ್ನು ಇಂದಿನ ಅರ್ಥದಲ್ಲಿ ತೆಗೆದುಕೊಂಡರೆ ಒಥೆಲ್ಲೋ ಯಾರಿಗೋ ನಿದ್ರೆಯನ್ನು ಸಾಲವಾಗಿ ತೀರಿಸಬೇಕಾಗಿತ್ತು ಎಂದಾಗಿ ನಗೆಪಾಟಲಾಗುತ್ತದೆ. ಅಲ್ಲಿನ ಅರ್ಥ ನಿದ್ರೆಯನ್ನು ಹೊಂದಿದ್ದ ಎಂದು. ಆಮೇಲೆ ಸ್ವತ್ತಿನ ಅರ್ಥವನ್ನು 'ಓನ್' ಪೂರ್ತಿಯಾಗಿ ವಹಿಸಿಕೊಂಡಿತು. 'ಓ' ಸಾಲದ ಪಾಲಿಗೆ ಬಿತ್ತು. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರು. ಅಣ್ಣನಿಗೆ ಆಸ್ತಿ, ತಮ್ಮನಿಗೆ ಸಾಲ. ನಮ್ಮ ಊರುಗಳಲ್ಲಿ ಇಂತಹ ಪಾಲನ್ನು ನೋಡದವರಾರು?

ಮೂರನೆಯವನ ಕಥೆ ಇನ್ನೂ ಸ್ವಾರಸ್ಯ. 'ಆಟ್' ಎಂಬುದು ಆ ಕ್ರಿಯಾಪದದ ಭೂತಕಾಲದ ರೂಪ. ಮೊದಲು 'ಹೊಂದಿದ್ದ' ಎಂದು ಅರ್ಥ; ನಂತರ 'ತೆರಬೇಕಾಗಿದ್ದ' ಎಂದು; ಕೊನೆಗೆ, ಈಗ, ಈ ಹೊತ್ತು 'ಮಾಡತಕ್ಕದ್ದು' ಎಂದು. ಭೂತಕಾಲ ವರ್ತಮಾನವಾಗಿಬಿಟ್ಟಿತು. ಈ ಮನೆತನದಲ್ಲಿ ಇದು ಮೊದಲ ಸಲವಲ್ಲ. ಸಂಸ್ಕೃತ ಕಲಿತವರಿಗೆ 'ವೇದ' ಎಂಬ ಕ್ರಿಯಾರೂಪ ನೆನಪಿರಬಹುದು: ರೂಪ ನೋಡಿದರೆ ಆಗಿಹೋದದ್ದು, ಅರ್ಥ ನೋಡಿದರೆ 'ಬಲ್ಲ'. ಹಿಂದೆ ಕಂಡವನು ಇಂದು ಬಲ್ಲವನು. 'ಐಹ್' ಕೂಡ ಹಾಗೆಯೇ. ಹಿಂದೆ ಕೈಗೆ ಬಂತು, ಆದಕಾರಣ ಇಂದು ಇದೆ. ಹೀಗೆ ಒಮ್ಮೆ ಭೂತದಿಂದ ವರ್ತಮಾನಕ್ಕೆ ಬಂದ ಶಬ್ದಕ್ಕೆ ಜರ್ಮಾನಿಕ್ ಜನ ಹೊಸದಾಗಿ ಒಂದು ಭೂತಕಾಲವನ್ನು ಮಾಡಿಕೊಂಡರು. ಇಂಗ್ಲಿಷರ ಬಾಯಲ್ಲಿ ಅದೂ ವರ್ತಮಾನಕ್ಕೆ ಬಂದು ಕುಳಿತುಕೊಂಡಿತು. ಈಗ 'ಆಟ್' ಎಂಬುದಕ್ಕೆ ಭೂತಕಾಲವೇ ಇಲ್ಲ. ಮಾಡಬೇಕಾಗಿತ್ತು ಎನ್ನಬೇಕಾದರೆ ಇಂಗ್ಲಿಷಿನವನು ಬೇರೆ ಸಹಾಯಕ ಶಬ್ದಗಳನ್ನು ಕರೆತಂದು ಸುತ್ತಿ ಬಳಸಿ ಹೇಳಬೇಕು. ಕರ್ತವ್ಯದ ಶಬ್ದಕ್ಕೆ ಹಿಂದಿನ ಕಾಲ ಇಲ್ಲದೆ ಹೋಗಿರುವುದನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತದ್ದುಂಟು.

ಒಡೆತನದಿಂದ ಋಣಕ್ಕೆ, ಋಣದಿಂದ ಕರ್ತವ್ಯಕ್ಕೆ ನಡೆದ ಈ ದಾರಿ ಇಂಗ್ಲಿಷ್ ಶಬ್ದವೊಂದರ ಚಪಲವೇ? ಅಲ್ಲ. ಲ್ಯಾಟಿನ್ನಿನಲ್ಲಿ ಸಾಲಕ್ಕೂ ಕರ್ತವ್ಯಕ್ಕೂ ಇರುವ 'ದೇಬೇರೆ' ಎಂಬ ಕ್ರಿಯಾಪದವನ್ನು ಬಿಡಿಸಿದರೆ 'ದೇ' ಮತ್ತು 'ಹಬೇರೆ': ಇನ್ನೊಬ್ಬನ ಕಡೆಯಿಂದ ಹೊಂದಿರುವುದು. ಅದರ ವಂಶದಲ್ಲಿ ಹುಟ್ಟಿದ್ದೇ ನಮಗೆಲ್ಲ ಪರಿಚಿತವಾದ 'ಡ್ಯೂಟಿ'. ಬಂದರಿನಲ್ಲಿ ಸರಕಿಗೆ ಕಟ್ಟುವುದೂ ಡ್ಯೂಟಿ, ರಾತ್ರಿ ಪಾಳಿಗೆ ಹೋಗುವುದೂ ಡ್ಯೂಟಿ. ಇಂಗ್ಲಿಷಿನಲ್ಲಿಯೇ 'ಆಟ್' ಹಳತಾದ ಮೇಲೆ ಬಳಕೆಯ ಮಾತಿಗೆ 'ಹ್ಯಾವ್ ಟು' ಬಂತು. ಅದರ ಅಕ್ಷರಶಃ ಅರ್ಥವೇನು? ಮಾಡುವುದಕ್ಕೆ ಹೊಂದಿದ್ದೇನೆ. ಆಲ್ಡ್ರೆಡ್ ಪಾದ್ರಿ ಸಾಲಿನ ನಡುವೆ ಬರೆದದ್ದೇ ಸಾವಿರ ವರ್ಷದ ಮೇಲೆ ಬೇರೆ ಶಬ್ದದಲ್ಲಿ ತಿರುಗಿ ಬಂದಿದೆ. ಪರಸ್ಪರ ರಕ್ತಸಂಬಂಧವಿಲ್ಲದ ಮೂರು ಕ್ರಿಯಾಪದಗಳು ಒಂದೇ ಕಾಲುದಾರಿ ಹಿಡಿದವು. ಅಲ್ಲಿ ದಾರಿ ಇದೆ ಎಂದು ಒಪ್ಪಲೇಬೇಕು.

ಕನ್ನಡದಲ್ಲಿ ನಾವು ಈ ದಾರಿಯಲ್ಲಿ ನಡೆಯಲಿಲ್ಲ. 'ಹೊಂದು' ಎಂಬ ಮಾತು ಪುಸ್ತಕಕ್ಕೆ ಸರಿ. ಮನೆಯಲ್ಲಿ ಯಾರೂ 'ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ' ಎನ್ನುವುದಿಲ್ಲ. ನನಗೆ ಇಬ್ಬರು ಮಕ್ಕಳು, ನನಗೆ ಜ್ವರ, ನನಗೆ ಸಾಲ ಇದೆ. ಎಲ್ಲವೂ ಎಲ್ಲಿಂದಲೋ ನನ್ನ ಕಡೆಗೆ ಬರುತ್ತವೆ. ಕರ್ತವ್ಯಕ್ಕೆ ನಮ್ಮಲ್ಲಿ ಇರುವುದು 'ಬೇಕು'. ಅದೋ ಆಸೆಯ ಮಾತು. ಕಾಫಿ ಬೇಕು ಎನ್ನುವ ಬಾಯಿಂದಲೇ ಸತ್ಯ ಹೇಳಬೇಕು ಎನ್ನುತ್ತೇವೆ. ಇನ್ನು, 'ನಾನು ಅವರಿಗೆ ನೂರು ರೂಪಾಯಿ ಕೊಡಬೇಕು' ಎಂದರೆ ನೂರು ರೂಪಾಯಿ ಸಾಲವಿದೆ ಎಂದೂ ಅರ್ಥ, ಕೊಡುವುದು ನನ್ನ ಕರ್ತವ್ಯ ಎಂದೂ ಅರ್ಥ. ಇಂಗ್ಲಿಷರು ಸಾಲದ ಮಾತಿನಿಂದ ಧರ್ಮದ ಮಾತನ್ನು ಮಾಡಿಕೊಂಡರು. ನಾವು ಧರ್ಮದ ಮಾತಿನಿಂದಲೇ ಸಾಲವನ್ನೂ ಹೇಳಿ ಮುಗಿಸಿದ್ದೇವೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಮಿತ್ರರೊಬ್ಬರ ಮುಂದೆ ಒಂದು ಸಂಜೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಸ್ವಾಮಿ, ಇದಕ್ಕೆ ಗಾಥಿಕ್ ಯಾಕೆ ಬೇಕು? ನೀವು ನಮ್ಮಲ್ಲಿ ಠೇವಣಿ ಇಟ್ಟರೆ ಅದು ನಿಮಗೆ ಆಸ್ತಿ, ಬ್ಯಾಂಕಿಗೆ ಹೊಣೆ. ಜಮಾಖರ್ಚಿನ ತಖ್ತೆಯಲ್ಲಿ ಎರಡು ಪಕ್ಕವೂ ಸಮ ಬರಲೇಬೇಕು. ಒಬ್ಬನ ಉಂಟು ಇನ್ನೊಬ್ಬನ ಬಾಕಿ" ಎಂದರು. ಲೆಕ್ಕಕ್ಕೆ ಇದು ಸರಿ. ಆದರೆ ಅವರ ಲೆಕ್ಕದಲ್ಲಿ ಆಸ್ತಿ ನನ್ನದು, ಬಾಕಿ ಬ್ಯಾಂಕಿನದು. ಇಬ್ಬರು ಬೇರೆ ಬೇರೆ. 'ಐಗನ' ಹೇಳುವುದು ಹಾಗಲ್ಲ. ಹೊಂದಿದವನೂ ತೆರಬೇಕಾದವನೂ ಒಬ್ಬನೇ, ಹೊಂದಿರುವ ವಸ್ತುವೇ ತೆರಬೇಕಾದ ವಸ್ತು. ಇದನ್ನು ಹೇಳಿದಾಗ ಮಿತ್ರರು, "ಹಾಗಾದರೆ ನನ್ನ ಪೆನ್ಷನ್ನೂ ನನ್ನದಲ್ಲ ಅನ್ನಿ" ಎಂದು ನಕ್ಕರು. ನಗೆಯಲ್ಲಿ ಸ್ವಲ್ಪ ಗಾಬರಿಯೂ ಇತ್ತು ಎಂದು ನನಗೆ ತೋರಿತು.

ಜರ್ಮಾನಿಕ್ ಭಾಷೆಗಳಲ್ಲಿ ಕರ್ತವ್ಯಕ್ಕೆ ಇನ್ನೊಂದು ದಾರಿಯೂ ಇದೆ. ಅದು ಹೆಚ್ಚು ಪ್ರಸಿದ್ಧ. 'ಸ್ಕುಲನ' ಎಂಬುದೂ ನಕ್ಷತ್ರ ಹೊತ್ತ ಕ್ರಿಯಾಪದವೇ. ಸಾಲಗಾರನಾಗಿರು ಎಂದು ಅದರ ಅರ್ಥ. ಇಂಗ್ಲಿಷಿನ 'ಶಲ್', 'ಶುಡ್', ಜರ್ಮನ್ನಿನ 'ಜೋಲೆನ್' ಅದರ ಮಕ್ಕಳು. ಜರ್ಮನ್ನಿನ 'ಶುಲ್ಟ್' ಎಂಬ ನಾಮಪದವೂ ಆ ಬಳಗದ್ದೇ. ಅದಕ್ಕೆ ಸಾಲ ಎಂದೂ ಅರ್ಥ, ಅಪರಾಧ ಎಂದೂ ಅರ್ಥ. ಇದನ್ನು ಹಿಡಿದುಕೊಂಡು ನೀಟ್ಶೆ 1887ರಲ್ಲಿ ನೀತಿಯ ವಂಶಾವಳಿಯನ್ನು ಕುರಿತ ತನ್ನ ಗ್ರಂಥದಲ್ಲಿ ದೊಡ್ಡ ವಾದ ಹೂಡಿದ. ಸಾಲ ಕೊಟ್ಟವನು ಸಾಲಗಾರನ ಮೈಯನ್ನು ದಂಡಿಸಿ ಪಡೆಯುತ್ತಿದ್ದ ಸಂತೋಷದಲ್ಲಿ ನಮ್ಮ ಪಾಪಪ್ರಜ್ಞೆಯ ಬೇರಿದೆ; ನಾವು ಅಂತಃಸಾಕ್ಷಿ ಎನ್ನುವುದು ಒಳಗೆ ಬಂದು ಕುಳಿತ ಸಾಹುಕಾರ. ಇದು ಅವನ ವಾದದ ಸಾರ. ಆತ ಮಾತಿನ ಗಾರುಡಿಗ, ಓದುವಾಗ ಹೌದೆನಿಸುತ್ತದೆ. ಪುಸ್ತಕ ಮುಚ್ಚಿದ ಮೇಲೆ ಅಷ್ಟು ಹೌದೆನಿಸುವುದಿಲ್ಲ.

ಯಾಕೆಂದರೆ 'ಸ್ಕುಲನ'ದ ಮನುಷ್ಯ ಹುಟ್ಟುವಾಗಲೇ ಸಾಲಗಾರ. ಅವನ ಎದುರಿಗೆ ಸಾಹುಕಾರ ನಿಂತಿದ್ದಾನೆ, ಅವನ ಕೈಯಲ್ಲಿ ಕೋಲಿದೆ. 'ಐಗನ'ದ ಮನುಷ್ಯನ ಎದುರಿಗೆ ಯಾರೂ ಇಲ್ಲ. ಅವನು ಉಳ್ಳವನು, ಮನೆ, ಹೊಲ, ದನ ಎಲ್ಲವನ್ನೂ ಹೊಂದಿ ನೆಮ್ಮದಿಯಾಗಿದ್ದಾನೆ. ಆ ಹೊಂದಿರುವಿಕೆಯ ಒಳಗಿನಿಂದಲೇ, ಯಾರೂ ಬಂದು ಬಾಗಿಲು ತಟ್ಟದೆ, 'ಇದು ತೆರುವುದಕ್ಕೆ' ಎಂಬ ಮಾತು ಮೇಲೆದ್ದಿತು. ತಪ್ಪಿದವನ ಕರ್ತವ್ಯ ಒಂದು. ಇರುವವನ ಕರ್ತವ್ಯ ಇನ್ನೊಂದು. ನೀಟ್ಶೆ ತನ್ನ ಭಾಷೆಯಲ್ಲಿ ಬದುಕಿದ್ದ ಮೊದಲನೆಯ ಮಾತನ್ನು ಹಿಡಿದ. ಎರಡನೆಯದು ಕ್ರಿಯಾಪದವಾಗಿ ಅವನ ಭಾಷೆಯಲ್ಲಿ ಉಳಿದೇ ಇರಲಿಲ್ಲ.

ಶಬ್ದದ ಚರಿತ್ರೆಯಿಂದ ನೀತಿಯನ್ನು ಸಾಧಿಸಲು ಬರುತ್ತದೆಯೆ ಎಂದು ಯಾರಾದರೂ ಕೇಳಿದರೆ, ಬರುವುದಿಲ್ಲ ಎಂದೇ ನನ್ನ ಉತ್ತರ. ಐಶ್ವರ್ಯ ಎಂಬುದರಲ್ಲಿ ಈಶ್ವರನಿದ್ದಾನೆ ಎಂದು ಹಣದ ಪೆಟ್ಟಿಗೆಗೆ ಮಂಗಳಾರತಿ ಎತ್ತಲಾಗುವುದಿಲ್ಲ. ಅದೂ ಅಲ್ಲದೆ, 'ಇದೆ' ಎಂಬುದರಿಂದ 'ಬೇಕು' ಎಂಬುದನ್ನು ಎಳೆಯುವುದು ಹೇಗೆಂದು ಡೇವಿಡ್ ಹ್ಯೂಮ್ 1740ರಲ್ಲಿ ಕೇಳಿದ ಪ್ರಶ್ನೆ ಇನ್ನೂ ದಾರಿಯಲ್ಲಿ ಅಡ್ಡವಾಗಿ ಮಲಗಿದೆ. ಆದರೆ ಒಂದು ಚೋದ್ಯ ನೋಡಿ. ಆ ಪ್ರಶ್ನೆಯನ್ನು ಎತ್ತಿಕೊಂಡ ತತ್ತ್ವಜ್ಞರು ಉದಾಹರಣೆಗೆ ಎಂದು ಕೈ ಹಾಕಿದ್ದು ಎಲ್ಲಿಗೆ? 1958ರಲ್ಲಿ ಆಕ್ಸ್‌ಫರ್ಡಿನ ಎಲಿಜಬೆತ್ ಆನ್ಸ್‌ಕೂಂಬ್ ಬರೆದರು: ಅಂಗಡಿಯವನು ಆಲೂಗಡ್ಡೆ ಕಳಿಸಿ ಬಿಲ್ಲೂ ಕಳಿಸಿದ್ದಾನೆ, ನಾನು ಅವನಿಗೆ ಹಣ ಬಾಕಿ ಎಂಬುದು ಆ ಸಂಗತಿಗಳಿಗಿಂತ ಬೇರೆ ಏನು? 1964ರಲ್ಲಿ ಜಾನ್ ಸರ್ಲ್ ಬರೆದರು: ಒಬ್ಬ ಇನ್ನೊಬ್ಬನಿಗೆ ಐದು ಡಾಲರು ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ, ಕೊಡಬೇಕು ಎಂಬುದು ಅಷ್ಟರಿಂದಲೇ ಬರುವುದಿಲ್ಲವೆ? ಎರಡು ಕಡೆಯೂ ಸಾಲದ ಪ್ರಸಂಗವೇ. ಇಬ್ಬರೂ ತಮ್ಮ ಭಾಷೆಯ ಹಳೆಯ ಕಾಲುದಾರಿಯಲ್ಲಿಯೇ ಹೆಜ್ಜೆ ಇಟ್ಟರು.

ಅದೇ 1958ರ ಇನ್ನೊಂದು ಲೇಖನದಲ್ಲಿ ಆನ್ಸ್‌ಕೂಂಬ್ ಇನ್ನೂ ಖಾರವಾಗಿ ಬರೆದರು. ನೀತಿಯ ಅರ್ಥದ 'ಆಟ್' ಎಂಬುದು ದೇವರು ಶಾಸನಕರ್ತನೆಂದು ನಂಬಿದ್ದ ಕಾಲದ ಉಳಿಕೆ. ನ್ಯಾಯಾಲಯಗಳನ್ನೆಲ್ಲ ಮುಚ್ಚಿದ ಮೇಲೆಯೂ 'ಅಪರಾಧಿ' ಎಂಬ ಮಾತು ಉಳಿದುಕೊಂಡಂತೆ. ಆ ನಂಬಿಕೆ ಹೋಗಿದ್ದರೆ ಈ ಶಬ್ದವನ್ನೂ ಬಿಟ್ಟುಬಿಡುವುದೇ ವಾಸಿ ಎಂದು. ಎಂದರೆ ಈಶನಿಲ್ಲದೆ 'ಆಟ್' ಬದುಕಲಾರದು. ಇವೆರಡು ದಾಯಾದಿ ಶಬ್ದಗಳೆಂದು ನೆನೆದಾಗ ಈ ವಾದಕ್ಕೆ ಅವರು ಉದ್ದೇಶಿಸದ ಒಂದು ಕಳೆ ಬರುತ್ತದೆ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಶಾಸನಕರ್ತನ ಭಯ 'ಶಲ್' ಎಂಬ ಶಬ್ದಕ್ಕೆ ಬೇಕಾದೀತು. ಉಳ್ಳವನ ಒಳಗಿನಿಂದ ಎದ್ದ ಮಾತಿಗೆ ಹೊರಗೆ ಒಬ್ಬ ಶಾಸನಕರ್ತ ನಿಂತಿರಲೇಬೇಕೆ?

ಹೊಂದಿರುವುದು ಮತ್ತು ತೆರಬೇಕಾಗಿರುವುದು ಒಬ್ಬನಲ್ಲಿಯೇ ಸೇರುವ ಒಂದು ಸಂಸ್ಥೆಯನ್ನು ಇಂಗ್ಲಿಷ್ ಕಾನೂನು ನಿಜವಾಗಿಯೂ ಕಟ್ಟಿತು, ಅದು ಟ್ರಸ್ಟು. ಟ್ರಸ್ಟಿಯ ಹೆಸರಿನಲ್ಲಿ ಆಸ್ತಿಯಿದೆ, ಪತ್ರಗಳು ಅವನವು, ಮಾರಾಟಕ್ಕೆ ರುಜು ಅವನದು. ಕಾನೂನಿನ ಕಣ್ಣಿಗೆ ಒಡೆಯ ಅವನೇ. ಆದರೂ ಒಂದು ಬಿಡಿಕಾಸು ಅವನ ಭೋಗಕ್ಕಲ್ಲ. ಇಂಗ್ಲಿಷರು ಕಾನೂನಿನ ಕ್ಷೇತ್ರದಲ್ಲಿ ಮಾಡಿದ ಅತಿ ದೊಡ್ಡ ಸಾಧನೆ ಇದೇ ಎಂದು ಚರಿತ್ರಕಾರ ಮೇಟ್ಲಂಡ್ ಬಗೆದಿದ್ದ. ಲಂಡನ್ನಿನಲ್ಲಿ ವಕೀಲಿ ಕಲಿಯುತ್ತಿದ್ದ ಗಾಂಧಿ ಈಕ್ವಿಟಿಯ ಮೇಲೆ ಸ್ನೆಲ್ ಬರೆದ ಪುಸ್ತಕವನ್ನು ಓದಿದ್ದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಗೀತೆಯ ಅಪರಿಗ್ರಹ ಎಂಬ ಮಾತನ್ನು ಬದುಕಿಗೆ ತರುವುದು ಹೇಗೆಂದು ತೊಳಲುತ್ತಿದ್ದಾಗ ಆ ಪುಸ್ತಕದ ಟ್ರಸ್ಟಿ ನೆನಪಿಗೆ ಬಂದನೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೋಟ್ಯಂತರ ರೂಪಾಯಿಯ ಒಡೆಯನಾಗಿದ್ದೂ ಅದರಲ್ಲಿ ಯಾವುದನ್ನೂ ತನ್ನದೆಂದು ಎಣಿಸದವನು ಆತ.

ಆಮೇಲೆ 1937ರ ಜನವರಿಯಲ್ಲಿ ತಿರುವಾಂಕೂರಿನ ಸಭೆಗಳಲ್ಲಿ ಗಾಂಧಿ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರವನ್ನು ಎತ್ತಿಕೊಂಡು ಮಾತನಾಡಿದರು. ಉಳಿದ ಶಾಸ್ತ್ರಗಳೆಲ್ಲ ಸುಟ್ಟು ಬೂದಿಯಾದರೂ ಅದೊಂದು ಉಳಿದರೆ ಸಾಕು ಎಂಬಷ್ಟು ದೂರ ಹೋದರು. ಎಲ್ಲವೂ ಈಶನಿಂದ ಆವೃತವಾದದ್ದು, ಆದ್ದರಿಂದ ಬಿಟ್ಟು ಅನುಭವಿಸು, ಇನ್ನೊಬ್ಬರ ಧನಕ್ಕೆ ಆಸೆಪಡಬೇಡ ಎಂಬುದು ಆ ಮಂತ್ರದ ಆಶಯವೆಂದು ಬಲ್ಲವರು ಹೇಳುತ್ತಾರೆ. ಒಡೆತನದ ಶಬ್ದದಿಂದಲೇ ಆರಂಭವಾಗಿ ಧನದ ಶಬ್ದದಲ್ಲಿ ಮುಗಿಯುವ ಮಂತ್ರ ಅದು. ಈಶ್ ಧಾತುವಿಗೂ ಇಂಗ್ಲಿಷಿನ 'ಆಟ್' ಶಬ್ದಕ್ಕೂ ಇರುವ ನಂಟನ್ನು ಗಾಂಧಿ ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಉಪನಿಷತ್ತೊಂದು, ಲಂಡನ್ನಿನ ಪಠ್ಯಪುಸ್ತಕವೊಂದು ಅವರಿಗೆ ಒಂದೇ ಮಾತನ್ನು ಹೇಳಿದವು, ಅಷ್ಟೆ. ಇಂದಿನ ಸಿರಿವಂತರು ಟ್ರಸ್ಟುಗಳನ್ನು ಧಾರಾಳವಾಗಿ ಸ್ಥಾಪಿಸುತ್ತಾರೆ. ಅವುಗಳಲ್ಲಿ ಎಷ್ಟು ತೆರಿಗೆಯ ಸಲುವಾಗಿ, ಎಷ್ಟು ಈಶನ ಸಲುವಾಗಿ ಎಂಬ ಲೆಕ್ಕವನ್ನು ಬ್ಯಾಂಕಿನ ಮಿತ್ರರಿಗೆ ಬಿಡುತ್ತೇನೆ.

ನನ್ನ ಸೋದರಮಾವನೊಬ್ಬನ ವಿಷಯ ಇಲ್ಲಿ ಹೇಳಬೇಕು. ಅವನ ತಂದೆ ಒಬ್ಬ ದವಸದ ವ್ಯಾಪಾರಿಯಿಂದ ಕೈಸಾಲ ಪಡೆದಿದ್ದರು. ಪತ್ರವಿಲ್ಲ, ಸಾಕ್ಷಿಯಿಲ್ಲ, ತಂದೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡ ಒಂದು ಸಾಲು ಮಾತ್ರ. ಇಬ್ಬರೂ ತೀರಿಕೊಂಡು ಬಹಳ ವರ್ಷವಾಗಿತ್ತು. 1974ರಲ್ಲಿ ಮಾವ ಆ ವ್ಯಾಪಾರಿಯ ಮಗನನ್ನು ಬೇರೊಂದು ಊರಿನಲ್ಲಿ ಹುಡುಕಿ ಹಣ ಒಪ್ಪಿಸಿ ಬಂದ. ಆ ಮಗ, "ನಮ್ಮ ಲೆಕ್ಕದಲ್ಲಿ ಇಲ್ಲವಲ್ಲ ರಾಯರೆ" ಎಂದು ತೆಗೆದುಕೊಳ್ಳಲು ಹಿಂಜರಿದನಂತೆ. ಮನೆಯಲ್ಲಿ ಅತ್ತೆಗೆ ಬೇಸರ. "ವಾಯಿದೆ ಮುಗಿದು ಎಷ್ಟು ಕಾಲವಾಯಿತು? ಯಾವ ಕೋರ್ಟು ನಿಮ್ಮನ್ನು ಕೇಳುತ್ತಿತ್ತು?" ಎಂದರು. ಮಾವ, "ಅಪ್ಪನ ಮನೆಯಲ್ಲಿ ಕೂತಿದ್ದೇವೆ. ಮನೆಯೂ ಅವರದು, ಸಾಲವೂ ಅವರದು. ಮನೆಯನ್ನು ಮಾತ್ರ ನನ್ನದು ಅನ್ನಲೇನೆ? ಕೊಡಬೇಕಾಗಿತ್ತು, ಕೊಟ್ಟೆ" ಎಂದ.

ಅತ್ತೆ ಹೇಳಿದ್ದು ಕಾನೂನಿಗೆ ಸರಿಯೇ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕೈಸಾಲಕ್ಕೆ ಮೂರು ವರ್ಷ ದಾಟಿದರೆ ದಾವೆ ನಿಲ್ಲುವುದಿಲ್ಲ. ಆದರೆ ಕಾನೂನು ಅಲ್ಲಿಯೂ ಪೂರ್ತಿ ಕೈ ತೊಳೆದುಕೊಂಡಿಲ್ಲ. ದಾವೆ ಸತ್ತರೂ ಸಾಲ ಸಾಯುವುದಿಲ್ಲ ಎಂಬುದು ವಕೀಲರೆಲ್ಲ ಬಲ್ಲ ಸೂತ್ರ. ವಾಯಿದೆ ಮುಗಿದ ಸಾಲವನ್ನು ಕೊಡುತ್ತೇನೆಂದು ಸಾಲಗಾರ ಬರೆದು ರುಜು ಹಾಕಿಕೊಟ್ಟರೆ, ಅದಕ್ಕೆ ಬೇರೆ ಪ್ರತಿಫಲವಿಲ್ಲದಿದ್ದರೂ ಅದು ಊರ್ಜಿತ ಎಂದು 1872ರ ಕರಾರು ಕಾಯಿದೆಯ 25ನೆಯ ಕಲಮು ಹೇಳುತ್ತದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ನಿಯಮವನ್ನು ನ್ಯಾಯಾಲಯಗಳು ಬಹು ಕಾಲ ಮನ್ನಿಸುತ್ತಿದ್ದವು. 2005ರ ತಿದ್ದುಪಡಿಯಿಂದ ಈಚಿನ ಸಾಲಗಳಿಗೆ, ಬರಿಯ ಆ ಧರ್ಮದ ಆಧಾರದ ಮೇಲೆ ಮಗನನ್ನು ಹಿಡಿಯುವ ಹಾಗಿಲ್ಲ. ನನ್ನ ಮಟ್ಟಿಗೆ ಈ ತಿದ್ದುಪಡಿ ಒಳ್ಳೆಯದೇ. ಹಿಂದಿನ ಕಾಲದಲ್ಲಿ ಏನೂ ಬಿಟ್ಟುಹೋಗದ ತಂದೆಯ ಸಾಲಕ್ಕಾಗಿ ಜೀತದಲ್ಲಿ ಮೈ ಸವೆಸಿದ ಮಕ್ಕಳು ಎಷ್ಟು ಜನ! ಅವರ ಪಾಲಿಗೆ ಋಣ ಎಂಬ ಪವಿತ್ರವಾದ ಮಾತು ಸಂಕೋಲೆಯಾಗಿತ್ತು. ಅದು 'ಸ್ಕುಲನ'ದ ದಾರಿ, ಕೋಲು ಹಿಡಿದ ಸಾಹುಕಾರನ ದಾರಿ. ಮಾವನದು ಬೇರೆ. ಅವನು ತಂದೆಯ ಮಗ ಎಂದು ಕೊಡಲಿಲ್ಲ. ತಂದೆಯ ಮನೆಯಲ್ಲಿ ಕುಳಿತವನು ಎಂದು ಕೊಟ್ಟ.

ಹಾಗಾದರೆ ಏನೂ ಇಲ್ಲದವನಿಗೆ ಕರ್ತವ್ಯವೇ ಇಲ್ಲವೆ? ಈ ವಾದದಲ್ಲಿ ನನಗೆ ಕಷ್ಟವಾಗುವ ಎಡೆ ಇದು. ಬೀದಿಯ ಬದಿಯಲ್ಲಿ ಮಲಗುವವನೂ ಪಕ್ಕದವನ ಗಂಟನ್ನು ಕಾಯುತ್ತಾನೆ, ನೀರು ಕೇಳಿದವನಿಗೆ ಕೊಡುತ್ತಾನೆ. ಅವನಿಗೂ ಮೈಯಿದೆ, ಮಾತಿದೆ, ಯಾರೋ ಎತ್ತಿ ಸಾಕಿದ ಬಾಲ್ಯವಿದೆ, ಅದರಿಂದ ಅವನೂ ಉಳ್ಳವನೇ ಎಂದು ಹೇಳಿ ಜಾರಿಕೊಳ್ಳಬಹುದು. ಹೊಟ್ಟೆ ತುಂಬಿದವರು ಹೀಗೆ ಹೇಳುವುದು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಅವನ ಕರ್ತವ್ಯಕ್ಕೆ ಬೇರೆ ಬೇರು ಇರಬೇಕು. ಬಹುಶಃ ಅದು ನಮ್ಮ 'ಬೇಕು' ಎಂಬ ಮಾತಿಗೆ ಹತ್ತಿರವಾದದ್ದು. ಇನ್ನೊಂದು ತೊಡಕನ್ನು ಪ್ಲೇಟೋ ಹೇಳಿದ್ದಾನೆ. ಸ್ನೇಹಿತ ಬುದ್ಧಿ ನೆಟ್ಟಗಿದ್ದಾಗ ಕೊಟ್ಟ ಆಯುಧವನ್ನು ಹುಚ್ಚು ಹಿಡಿದ ಮೇಲೆ ಕೇಳಿದರೆ ಹಿಂದಿರುಗಿಸುವುದು ನ್ಯಾಯವೆ ಎಂದು ರಿಪಬ್ಲಿಕ್ಕಿನ ಮೊದಲ ಭಾಗದಲ್ಲಿ ಸಾಕ್ರಟೀಸ್ ಕೇಳುತ್ತಾನೆ. ಸಾಲ ಹೌದು, ಕೊಡತಕ್ಕದ್ದಲ್ಲ. 'ಓ' ಮತ್ತು 'ಆಟ್' ಅಲ್ಲಿ ಬೇರೆಯಾಗುತ್ತವೆ. ಶಬ್ದಗಳು ಬೇರೆಯಾಗಿ ಬೆಳೆದದ್ದು ಒಳ್ಳೆಯದಾಯಿತು ಎಂದು ಅನ್ನಿಸುವುದು ಇಂತಹ ಕಡೆಯಲ್ಲಿ. ಆದರೆ ಇಂಗ್ಲಿಷಿನಲ್ಲಿ ಅವು ಎಷ್ಟು ಬೇರೆಯಾಗಿವೆ ಎಂದರೆ, ದಿನಕ್ಕೆ ಹತ್ತು ಸಲ 'ಓನ್' ಎನ್ನುವವನಿಗೆ 'ಓ' ಎಂಬುದು ಅದರ ಒಡಹುಟ್ಟು ಎಂಬ ಸುಳಿವೂ ಇಲ್ಲ. 'ಆಟ್' ಅಂತೂ ಮಾತಿನಿಂದಲೇ ಮರೆಯಾಗುತ್ತಿದೆ. ಮನೆಯ ಹಿರಿಯರ ಹಾಗೆ ಅದನ್ನು ಗೌರವದಿಂದ ಮೂಲೆಯಲ್ಲಿ ಕೂರಿಸಿದ್ದಾರೆ.

ಸ್ವೀಡಿಷರಲ್ಲಿ, ಡೇನರಲ್ಲಿ ಈ ಕ್ರಿಯಾಪದ ಸ್ವತ್ತಿನ ಕಡೆಗೆ ವಾಲಿತು. ಎರಡೂ ಅರ್ಥವನ್ನು ಇಂದಿಗೂ ಒಂದೇ ಶಬ್ದದಲ್ಲಿ ಇಟ್ಟುಕೊಂಡವರಲ್ಲಿ ನನಗೆ ಅಚ್ಚುಮೆಚ್ಚಿನವರು ಐಸ್‌ಲ್ಯಾಂಡಿನವರು. ಹಿಮದ ನಡುವಿನ ಆ ದ್ವೀಪದಲ್ಲಿ ಹಳೆಯ ನಾರ್ಸ್ ಭಾಷೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಅಲ್ಲಿನ ಮಗು ತನ್ನ ಆಟದ ಬಂಡಿಯನ್ನು ತೋರಿಸಿ, ಇದು ನನ್ನದು ಎಂಬುದಕ್ಕೆ 'ಎಯಿಗಾ' ಎಂಬುದರ ವರ್ತಮಾನ ರೂಪವನ್ನು ಹೇಳುತ್ತದೆ. ಅದು 'ಔ' ಎಂದು ಕೇಳಿಸುತ್ತದೆ. ತನಗೆ ಒಬ್ಬಳು ತಂಗಿ ಇದ್ದಾಳೆ ಎನ್ನುವುದಕ್ಕೂ ಅದೇ ಶಬ್ದ. ಕತ್ತಲಾದ ಮೇಲೆ, ಬಂಡಿಯನ್ನು ಎತ್ತಿಟ್ಟು ಈಗ ನಾನು ಮಲಗಬೇಕಂತೆ ಎನ್ನುವಾಗ ಆ ಶಬ್ದದ ಮುಂದೆ ಇನ್ನೊಂದು ಪುಟ್ಟ ಅವ್ಯಯವನ್ನು ಸೇರಿಸಿ ಹೇಳುತ್ತದೆ.